ಬ್ರಿಟನ್ನಿನಲ್ಲಿ ಚಾರಿಟಿಯಿಂದ ಬೆಕ್ಕು ತರುವವರು ಮೊದಲ ನಾಲ್ಕು ವಾರದಲ್ಲಿ ಮಾಡಬೇಕಾದ ಕೆಲಸ

ಹೋದ ತಿಂಗಳು ರೆಡಿಂಗ್‌ನಿಂದ ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಮದುವೆಯಾಗಿ ಇಲ್ಲಿಗೆ ಬಂದು ಒಂದೂವರೆ ವರ್ಷ. "ಅಕ್ಕಾ, ಬೆಕ್ಕು ತಂದ್ವಿ. ಚಾರಿಟಿಯಿಂದ. ಮೂರು ವರ್ಷದ್ದು. ಸೋಫಾ ಹಿಂದೆ ಹೋಗಿ ಕೂತಿದ್ದು ಹೊರಗೇ ಬರ್ತಿಲ್ಲ" ಅಂದಳು. ನನಗೂ ಖುಷಿಯಾಯಿತು. "ಇನ್ಶೂರೆನ್ಸ್ ಏನು ಮಾಡಿದೆ?" ಅಂತ ಕೇಳಿದೆ. "ಚಾರಿಟಿಯವರೇ ಕೊಟ್ಟಿದ್ದಾರೆ ಅಕ್ಕ, ಫ್ರೀ." "ಎಷ್ಟು ದಿನಕ್ಕೆ?" ಆ ಕಡೆಯಿಂದ ಮಾತಿಲ್ಲ.

ಆರು ವರ್ಷದ ಹಿಂದೆ ನನ್ನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅದರಿಂದ ನಮಗೆ ಸುಮಾರು ಎರಡು ಸಾವಿರದ ನಾನೂರು ಪೌಂಡ್ ಕೈಬಿಟ್ಟಿತು. ಆಮೇಲೆ ಬಂದ ಮೂರು ನಾಲ್ಕು ಕನ್ನಡದ ಮನೆಗಳು ಅದೇ ಹಳ್ಳಕ್ಕೆ ಬಿದ್ದಿದ್ದನ್ನು ಕಣ್ಣಾರೆ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಕ್ಕು ಎಲ್ಲಿ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಕ್ಯಾಟ್ಸ್ ಪ್ರೊಟೆಕ್ಷನ್, ಆರ್‌ಎಸ್‌ಪಿಸಿಎ, ಬ್ಯಾಟರ್ಸೀ, ಬ್ಲೂ ಕ್ರಾಸ್ ಇವು ದೊಡ್ಡವು. ಸ್ಕಾಟ್ಲೆಂಡ್‌ನಲ್ಲಿದ್ದರೆ ಆರ್‌ಎಸ್‌ಪಿಸಿಎ ಅಲ್ಲ, ಅಲ್ಲಿಗೆ ಬೇರೆಯೇ ಸಂಸ್ಥೆ, ಸ್ಕಾಟಿಷ್ ಎಸ್‌ಪಿಸಿಎ. ಊರೂರಲ್ಲಿ ಸಣ್ಣ ಚಾರಿಟಿಗಳೂ ಇವೆ. ಅವುಗಳ ನೋಂದಣಿ ನಂಬರ್ ಅನ್ನು ಚಾರಿಟಿ ಕಮಿಷನ್ ಪಟ್ಟಿಯಲ್ಲಿ ಒಮ್ಮೆ ನೋಡಿಕೊಳ್ಳಿ, ಸಾಕು. ಆನ್‌ಲೈನ್ ಜಾಹೀರಾತು ನೋಡಿ ಮರಿ ಕೊಳ್ಳಲು ಹೊರಟವರಿಗೆ ಮಾತ್ರ ಒಂದು ಮಾತು. 2020ರ ಏಪ್ರಿಲ್ 6ರಿಂದ ಇಂಗ್ಲೆಂಡ್‌ನಲ್ಲಿ ಆರು ತಿಂಗಳ ಒಳಗಿನ ನಾಯಿಮರಿ, ಬೆಕ್ಕಿನಮರಿಗಳನ್ನು ಮಧ್ಯವರ್ತಿಗಳು ಮಾರುವ ಹಾಗಿಲ್ಲ. ಸಾಕಿದವರೇ ನೇರವಾಗಿ ಮಾರಬೇಕು, ಇಲ್ಲವೇ ರೆಸ್ಕ್ಯೂ ಸಂಸ್ಥೆಯಿಂದ ತರಬೇಕು. "ತಾಯಿ ಬೆಕ್ಕು ಈಗ ಇಲ್ಲಿಲ್ಲ, ಪೆಟ್ರೋಲ್ ಬಂಕ್ ಹತ್ತಿರ ಬನ್ನಿ, ಅಲ್ಲೇ ಮರಿ ಕೊಡ್ತೀನಿ" ಅಂದರೆ ಹೋಗಬೇಡಿ.

ಚಾರಿಟಿಗೆ ಕೊಡುವ ಫೀ ಒಂದೊಂದು ಕಡೆ ಒಂದೊಂದು ಥರ. ನೂರು ಪೌಂಡ್ ಆಚೀಚೆ ಅಂದುಕೊಳ್ಳಿ. "ಬೀದಿ ಬೆಕ್ಕಿಗೂ ದುಡ್ಡಾ?" ಅಂತ ನಮ್ಮವರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಮಕ್ಕಳಾಗದ ಹಾಗೆ ಆಪರೇಷನ್, ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್), ಲಸಿಕೆ, ಚಿಗಟ ಮತ್ತು ಜಂತುಹುಳದ ಔಷಧಿ, ಡಾಕ್ಟರ್ ತಪಾಸಣೆ ಎಲ್ಲ ಅದರಲ್ಲೇ ಬಂತು. ಇವನ್ನೆಲ್ಲ ನೀವೇ ವೆಟ್ ಹತ್ತಿರ, ಅಂದರೆ ಪ್ರಾಣಿಗಳ ಡಾಕ್ಟರ್ ಹತ್ತಿರ, ಮಾಡಿಸಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ.

ಅರ್ಜಿ ತುಂಬುವಾಗ ನಮ್ಮವರು ಒಂದು ತಪ್ಪು ಮಾಡುತ್ತಾರೆ. ವೀಸಾ ಅರ್ಜಿ ಥರ, ಎಲ್ಲ ಉತ್ತರವೂ "ಸರಿಯಾಗಿ" ಇರಬೇಕು ಅಂದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಗಂಟೆ ಮನೆ ಖಾಲಿ ಇದ್ದರೂ ಯಾವಾಗಲೂ ಯಾರಾದರೂ ಇರುತ್ತೇವೆ ಅಂತ ಬರೆಯುತ್ತಾರೆ. ಮೂರು ವರ್ಷದ ಮಗು ಇರುವುದನ್ನು ಹೇಳುವುದೇ ಇಲ್ಲ. ಇದು ಪರೀಕ್ಷೆ ಅಲ್ಲ, ಹೊಂದಾಣಿಕೆ ನೋಡುವ ಕೆಲಸ. ಹೆಣ್ಣು ಕೊಡುವಾಗ ಹಿರಿಯರು ಹುಡುಗನ ಮನೆ ನೋಡಿಕೊಂಡು ಬರುತ್ತಾರಲ್ಲ, ಹಾಗೆ. ಸದ್ದಿಗೆ ಹೆದರುವ ಬೆಕ್ಕನ್ನು ಗಲಾಟೆ ಮನೆಗೆ ಕೊಡಬಾರದು ಅನ್ನೋದು ಅವರ ಉದ್ದೇಶ. ನಾವು ಇದ್ದದ್ದು ಇದ್ದ ಹಾಗೆ ಬರೆದೆವು. ಎರಡನೇ ಮಹಡಿಯ ಫ್ಲಾಟ್, ಇಬ್ಬರೂ ಕೆಲಸಕ್ಕೆ ಹೋಗುವವರು, ಎರಡು ವರ್ಷಕ್ಕೊಮ್ಮೆ ಊರಿಗೆ ಆರು ವಾರ. ಮೊದಲ ಎರಡು ಬೆಕ್ಕಿಗೆ ಆಗಲ್ಲ ಅಂದರು. ಮೂರನೆಯದಕ್ಕೆ ಅವರೇ ಫೋನ್ ಮಾಡಿದರು.

ಇಲ್ಲಿನ ಜನ ಬೆಕ್ಕನ್ನು ಹೊರಗೆ ಬಿಟ್ಟು ಸಾಕುವವರು. ಹಾಗಾಗಿ ಬಹಳ ಬೆಕ್ಕುಗಳಿಗೆ ಹಿತ್ತಲಿರುವ ಮನೆ, ದೊಡ್ಡ ರಸ್ತೆಯಿಂದ ದೂರ ಇರುವ ಮನೆ ಕೇಳುತ್ತಾರೆ. ಫ್ಲಾಟಿನವರು ಬೇಸರ ಮಾಡಿಕೊಳ್ಳಬೇಡಿ. ಒಳಗೇ ಇರಬೇಕಾದ ಬೆಕ್ಕುಗಳು ಯಾವುವು ಅಂತ ಕೇಳಿ. ಎಫ್‌ಐವಿ ಅನ್ನೋ ವೈರಸ್ ಇರುವ ಬೆಕ್ಕುಗಳನ್ನು ಸಾಮಾನ್ಯವಾಗಿ ಹೊರಗೆ ಬಿಡದ ಮನೆಗಳಿಗೇ ಕೊಡುತ್ತಾರೆ. ಅದು ಮನುಷ್ಯರಿಗೆ ಅಂಟುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಎಷ್ಟೋ ವರ್ಷ ಆರಾಮಾಗಿ ಬದುಕುತ್ತವೆ. ವಯಸ್ಸಾದ, ಬಿಸಿಲಲ್ಲಿ ಮಲಗುವುದೊಂದೇ ಕೆಲಸ ಅನ್ನೋ ಬೆಕ್ಕುಗಳೂ ಇರುತ್ತವೆ. ಇನ್ನೊಂದು ಮಾತು, ಕರಿ ಬೆಕ್ಕು ಬೇಡ ಅನ್ನಬೇಡಿ. ನಮ್ಮಲ್ಲಿ ಅದು ಅಡ್ಡ ಬಂದರೆ ನಿಂತು ಹೋಗುತ್ತೇವೆ. ಇಲ್ಲಿ ಬಹಳ ಜನ ಅದನ್ನು ಶುಭ ಅಂತಲೇ ನಂಬುತ್ತಾರೆ. ಆದರೂ ಕಪ್ಪು ಬೆಕ್ಕುಗಳಿಗೆ ಮನೆ ಸಿಗುವುದು ತಡ. ಅದಕ್ಕೇ ಅಕ್ಟೋಬರ್ 27 ಅನ್ನು ಕರಿ ಬೆಕ್ಕಿನ ದಿನ ಅಂತ ಆಚರಿಸುತ್ತಾರೆ. ನಮ್ಮ ಗೌರಿ ಮೂಗಿನ ತುದಿಯಿಂದ ಬಾಲದ ತುದಿವರೆಗೆ ಕಪ್ಪು. ಗೌರಿ ಹಬ್ಬದ ಹಿಂದಿನ ದಿನ ಬಂದಳು, ಅದಕ್ಕೆ ಆ ಹೆಸರು.

ಬಾಡಿಗೆ ಮನೆಯವರು ಓನರ್ ಒಪ್ಪಿಗೆ ಪತ್ರ ಇಲ್ಲದೆ ಮುಂದೆ ಹೋಗಬೇಡಿ. ಚಾರಿಟಿಯವರು ಕೇಳಿಯೇ ಕೇಳುತ್ತಾರೆ. ಇಂಗ್ಲೆಂಡ್‌ನಲ್ಲಿ ರೆಂಟರ್ಸ್ ರೈಟ್ಸ್ ಆಕ್ಟ್ 2025ರ ಪ್ರಕಾರ, 2026ರ ಮೇ 1ರಿಂದ ಖಾಸಗಿ ಬಾಡಿಗೆದಾರರು ಸಾಕುಪ್ರಾಣಿಗೆ ಲಿಖಿತವಾಗಿ ಅನುಮತಿ ಕೇಳಬಹುದು. ಓನರ್ 28 ದಿನದೊಳಗೆ ಉತ್ತರ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ಬೇಡ ಅನ್ನುವ ಹಾಗಿಲ್ಲ. ಆದರೆ ಫ್ಲಾಟ್ ಆಗಿದ್ದರೆ ಒಂದು ವಿಷಯ ನೋಡಿಕೊಳ್ಳಿ. ಇಡೀ ಕಟ್ಟಡದ ಲೀಸಿನಲ್ಲೇ ಪ್ರಾಣಿ ಬೇಡ ಅಂತ ಇದ್ದರೆ, ನಿಮ್ಮ ಓನರ್ ಎಷ್ಟೇ ಒಳ್ಳೆಯವರಾದರೂ ಅವರ ಕೈಯಲ್ಲಿ ಏನೂ ಇಲ್ಲ. "ಬೆಕ್ಕಿಗೆ ಬೇರೆ ಡೆಪಾಸಿಟ್ ಕೊಡಿ" ಅಂದರೆ, 2019ರ ಕಾನೂನು ನೆನಪಿರಲಿ. ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಒಟ್ಟು ಡೆಪಾಸಿಟ್ ಐದು ವಾರದ ಬಾಡಿಗೆ ಮೀರುವಂತಿಲ್ಲ. ಬೆಕ್ಕು ಬಂತು ಅಂತ ಆ ಮಿತಿ ಏರುವುದಿಲ್ಲ.

ಈಗ ಇನ್ಶೂರೆನ್ಸ್ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಇಲ್ಲಿಗೆ ಬಂದು ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ರೂಢಿಯಾದ ಮೇಲೆ ಡಾಕ್ಟರ್ ಬಿಲ್ ಅನ್ನೋದೇ ನಮಗೆ ಮರೆತುಹೋಗುತ್ತೆ. ಬೆಕ್ಕಿಗೆ ಎನ್‌ಎಚ್‌ಎಸ್ ಇಲ್ಲ. ವೆಟ್‌ಗಳೆಲ್ಲ ಖಾಸಗಿ. 2013ರಲ್ಲಿ ಇಲ್ಲಿನ ವೆಟ್ ಕ್ಲಿನಿಕ್‌ಗಳಲ್ಲಿ ಶೇಕಡ 10ರಷ್ಟು ಮಾತ್ರ ದೊಡ್ಡ ಕಂಪನಿಗಳ ಕೈಯಲ್ಲಿದ್ದವು. ಈಗ ಅದು ಶೇಕಡ 60ರ ಹತ್ತಿರ. ಪೈಪೋಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಎಂಎ 2024ರಲ್ಲಿ ಇದರ ಬಗ್ಗೆ ವಿಚಾರಣೆಯನ್ನೇ ಶುರು ಮಾಡಿತು. ಪಿಡಿಎಸ್‌ಎ ಅಂತ ಒಂದು ಚಾರಿಟಿ ಇದೆ, ಬಡವರ ಪ್ರಾಣಿಗಳಿಗೆ ಪುಕ್ಕಟೆ ಇಲ್ಲವೇ ಕಡಿಮೆ ದುಡ್ಡಿನಲ್ಲಿ ಚಿಕಿತ್ಸೆ ಕೊಡುತ್ತೆ. ಆದರೆ ಅದಕ್ಕೆ ಯೂನಿವರ್ಸಲ್ ಕ್ರೆಡಿಟ್‌ನಂಥ ಸರ್ಕಾರಿ ನೆರವು ಪಡೆಯುತ್ತಿರಬೇಕು. ನಮ್ಮಲ್ಲಿ ಬಹಳ ಜನರ ವೀಸಾದಲ್ಲಿ ಆ ನೆರವು ಪಡೆಯುವ ಹಾಗಿಲ್ಲ ಅಂತಲೇ ಬರೆದಿರುತ್ತೆ. ಅಂದರೆ ಆ ಬಾಗಿಲು ನಮಗೆ ತೆರೆಯುವುದಿಲ್ಲ.

ಗೌರಿ ಬಂದಾಗ ಚಾರಿಟಿಯವರು ನಾಲ್ಕು ವಾರದ ಇನ್ಶೂರೆನ್ಸ್ ಪುಕ್ಕಟೆ ಕೊಟ್ಟಿದ್ದರು. ಮೂರನೇ ವಾರ ಕಂಪನಿಯಿಂದ ಮೇಲ್ ಬಂತು, ಮುಂದುವರಿಸುತ್ತೀರಾ ಅಂತ. ಜಾಹೀರಾತು ಅಂದುಕೊಂಡು ಬಿಟ್ಟೆ. ನವೆಂಬರ್‌ನಲ್ಲಿ ಅವಳು ಎರಡು ಸಲ ವಾಂತಿ ಮಾಡಿದಳು. ವೆಟ್ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಜ್ವರ ನೋಡಿ, ಒಂದು ಇಂಜೆಕ್ಷನ್ ಕೊಟ್ಟರು. ಮಾತಿನ ಮಧ್ಯೆ "ಆಗಾಗ ಹೊಟ್ಟೆ ಸ್ವಲ್ಪ ಸಡಿಲ ಆಗುತ್ತೆ" ಅಂದಿದ್ದೆ. ಅವರು ಟೈಪ್ ಮಾಡಿಕೊಂಡರು. ಮಾರನೇ ದಿನ ಗೌರಿ ಸರಿಹೋದಳು. ನಾನೂ ಮರೆತೆ. ಡಿಸೆಂಬರ್‌ನಲ್ಲಿ ಬೆಲೆ ಹೋಲಿಸುವ ವೆಬ್‌ಸೈಟ್‌ನಲ್ಲಿ ಕಡಿಮೆಗೆ ಸಿಕ್ಕ ಒಂದು ಪಾಲಿಸಿ ತೆಗೆದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ಅವಳ ತೂಕ ಇಳಿಯತೊಡಗಿತು. ರಕ್ತ ಪರೀಕ್ಷೆ, ಸ್ಕ್ಯಾನ್, ಕೊನೆಗೆ ಕರುಳಿನ ಚೂರು ತೆಗೆದು ಪರೀಕ್ಷೆ. ಕರುಳಿನ ಉರಿಯೂತ, ಜೀವನಪೂರ್ತಿ ಔಷಧಿ ಬೇಕು ಅಂದರು. ಕ್ಲೇಮ್ ಹಾಕಿದೆ. ಮೂರು ವಾರ ಬಿಟ್ಟು ಪತ್ರ ಬಂತು: ಪಾಲಿಸಿ ಶುರುವಾಗುವ ಮೊದಲೇ ರೋಗದ ಲಕ್ಷಣ ಕಂಡಿತ್ತು, ಹಾಗಾಗಿ ಹಣ ಕೊಡಲು ಬರುವುದಿಲ್ಲ. ಜೊತೆಗೆ ವೆಟ್ ಬರೆದ ದಾಖಲೆಯ ಪ್ರತಿ. ನವೆಂಬರ್ ತಾರೀಖಿನ ಮುಂದೆ ಒಂದೂವರೆ ಸಾಲು. ವಾರದಲ್ಲಿ ಎರಡು ಬಾರಿ ವಾಂತಿ, ಆಗಾಗ ಸಡಿಲ ಮಲ ಅಂತ ಮಾಲೀಕರು ಹೇಳುತ್ತಾರೆ, ಗಮನಿಸುತ್ತಿರಿ. ನಾನೇ ಹೇಳಿದ ಮಾತು. ಸುಳ್ಳಲ್ಲ. ಆ ಕಾಗದ ಹಿಡಿದುಕೊಂಡು ಅಡುಗೆಮನೆಯಲ್ಲಿ ಎಷ್ಟೋ ಹೊತ್ತು ನಿಂತಿದ್ದೆ.

ಇದರಲ್ಲಿ ಅರ್ಥ ಮಾಡಿಕೊಳ್ಳಬೇಕಾದ್ದು ಏನು ಅಂದರೆ, ಇಲ್ಲಿ ರೋಗಕ್ಕೆ ಹೆಸರು ಸಿಕ್ಕ ದಿನ ಲೆಕ್ಕಕ್ಕಿಲ್ಲ. ಲಕ್ಷಣ ಮೊದಲು ಕಂಡ ದಿನ ಲೆಕ್ಕ. ಹೊಸ ಪಾಲಿಸಿಗಳಲ್ಲಿ ಶುರುವಿನ ಹದಿನಾಲ್ಕು ದಿನದಲ್ಲಿ ಕಂಡ ಕಾಯಿಲೆಯನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಕ್ಲೇಮ್ ಬಂದಾಗ ಕಂಪನಿಯವರು ಹಳೆಯ ದಾಖಲೆಯನ್ನೆಲ್ಲ ತರಿಸಿ ಓದುತ್ತಾರೆ. ಚಾರಿಟಿ ಕೊಟ್ಟ ಕಾಗದದಲ್ಲಿ "ಹೃದಯದಲ್ಲಿ ಸಣ್ಣ ಮರ್ಮರ್" (ಬಡಿತದ ಜೊತೆ ಕೇಳುವ ಅಸಹಜ ಸದ್ದು) ಅಂತ ಇದ್ದರೆ ಅದೂ ಹಳೆಯ ಕಾಯಿಲೆಯೇ. ಹಾಗಂತ ವೆಟ್ ಹತ್ತಿರ ಏನನ್ನೂ ಮುಚ್ಚಿಡಬೇಡಿ, ಅದು ಬೆಕ್ಕಿಗೇ ಕೆಡುಕು. ಇನ್ಶೂರೆನ್ಸ್‌ನಲ್ಲಿ ಒಂದು ದಿನವೂ ಖಾಲಿ ಬಿಡಬೇಡಿ, ಅಷ್ಟೆ. ಪುಕ್ಕಟೆ ಅವಧಿ ಮುಗಿಯುವ ತಾರೀಖನ್ನು ಬೆಕ್ಕು ತಂದ ದಿನವೇ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಅದೇ ಕಂಪನಿಯಲ್ಲಿ ಮುಂದುವರಿಸಿದರೆ ಮತ್ತೆ ಹದಿನಾಲ್ಕು ದಿನ ಕಾಯಬೇಕಾ ಅಂತ ಫೋನ್ ಮಾಡಿ ಕೇಳಿ. ಬೇರೆ ಕಂಪನಿಯೇ ಬೇಕು ಅಂದರೆ ಮೊದಲ ಎರಡು ವಾರದಲ್ಲೇ ಆರಿಸಿ, ಎರಡೂ ಒಂದರ ಮೇಲೊಂದು ಬರುವ ಹಾಗೆ ಶುರು ಮಾಡಿ.

ಇನ್ನು ಯಾವ ಪಾಲಿಸಿ? ಇಲ್ಲೂ ಒಂದು ಗುಂಡಿ ಇದೆ. ಅಪಘಾತಕ್ಕೆ ಮಾತ್ರ ಕೊಡುವುದು ಒಂದು ಬಗೆ. ಒಂದು ಕಾಯಿಲೆಗೆ ಹನ್ನೆರಡು ತಿಂಗಳು ಮಾತ್ರ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನೊಂದು. ಒಂದು ಕಾಯಿಲೆಗೆ ಇಂತಿಷ್ಟು ಅಂತ ಮೊತ್ತ ಕಟ್ಟಿ, ಅದು ಖರ್ಚಾದ ಮೇಲೆ ನಿಲ್ಲಿಸುವುದು ಮತ್ತೊಂದು. ಲೈಫ್‌ಟೈಮ್ ಅನ್ನೋದರಲ್ಲಿ ಮಾತ್ರ ಪ್ರತಿ ವರ್ಷ ನವೀಕರಿಸಿದಾಗ ಆ ಮೊತ್ತ ಮತ್ತೆ ತುಂಬುತ್ತೆ. ಕೊವೆಂಟ್ರಿಯ ನಮ್ಮ ಗೆಳೆಯರು ತಿಂಗಳಿಗೆ ನಾಲ್ಕೈದು ಪೌಂಡ್ ಉಳಿಯುತ್ತೆ ಅಂತ ಹನ್ನೆರಡು ತಿಂಗಳಿನದ್ದು ತೆಗೆದುಕೊಂಡರು. ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂತು. ಮೊದಲ ವರ್ಷ ಎಲ್ಲ ಸರಿ. ಎರಡನೇ ವರ್ಷದಿಂದ ಇನ್ಸುಲಿನ್, ಸಿರಿಂಜ್, ರಕ್ತ ಪರೀಕ್ಷೆ ಎಲ್ಲ ಸ್ವಂತ ಜೇಬಿನಿಂದ. ಬೇರೆ ಕಂಪನಿಗೆ ಹೋಗೋಣ ಅಂದರೆ, ಅಲ್ಲಿ ಅದು ಹಳೆಯ ಕಾಯಿಲೆ.

ನನ್ನ ಅಭಿಪ್ರಾಯ ಕೇಳಿದರೆ ಲೈಫ್‌ಟೈಮ್ ತೆಗೆದುಕೊಳ್ಳಿ, ಇಲ್ಲವೇ ಪ್ರತಿ ತಿಂಗಳೂ ಒಂದು ಮೊತ್ತವನ್ನು ಬೇರೆ ಖಾತೆಗೆ ಹಾಕಿ ಮುಟ್ಟದೆ ಇಡಿ. ನಡುವಿನ ದಾರಿ ನಂಬಬೇಡಿ. ಲೈಫ್‌ಟೈಮ್‌ನಲ್ಲೂ ವಯಸ್ಸಾದ ಹಾಗೆ ಕಂತು ಏರುತ್ತೆ. ಪ್ರತಿ ಕ್ಲೇಮ್‌ನಲ್ಲೂ ಮೊದಲ ಒಂದಷ್ಟು ಮೊತ್ತ ನಿಮ್ಮದೇ. ವಯಸ್ಸಾದ ಬೆಕ್ಕಿಗಾದರೆ ಉಳಿದ ಬಿಲ್ಲಿನಲ್ಲೂ ಒಂದು ಪಾಲು ಕೊಡಿ ಅನ್ನುವ ಕಂಪನಿಗಳು ಬಹಳ. ಹಲ್ಲಿನ ಚಿಕಿತ್ಸೆ ಸೇರಿದೆಯಾ, ಅದಕ್ಕೆ ಪ್ರತಿ ವರ್ಷ ಹಲ್ಲು ತೋರಿಸಬೇಕು ಅನ್ನೋ ಷರತ್ತು ಇದೆಯಾ ಓದಿ. ಕ್ಲೇಮ್ ತಿರಸ್ಕರಿಸಿದ್ದು ಅನ್ಯಾಯ ಅನಿಸಿದರೆ ಮೊದಲು ಕಂಪನಿಗೇ ದೂರು ಕೊಡಿ. ಎಂಟು ವಾರದಲ್ಲಿ ಸರಿಹೋಗದಿದ್ದರೆ ಇಂಥ ದೂರು ವಿಚಾರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಗೌರಿಯ ಔಷಧಿಗೆ ನಾನು ಈಗ ವೆಟ್ ಹತ್ತಿರ ಚೀಟಿ ಬರೆಸಿಕೊಂಡು ಆನ್‌ಲೈನ್ ಔಷಧಿ ಅಂಗಡಿಯಿಂದ ತರಿಸುತ್ತೇನೆ. ಚೀಟಿಗೆ ಫೀ ಕೊಟ್ಟರೂ ಬಹಳ ಉಳಿಯುತ್ತೆ. ಕೇಳಿದರೆ ಬರೆದುಕೊಡುತ್ತಾರೆ, ಸಂಕೋಚ ಬೇಡ.

ರೆಡಿಂಗ್‌ನ ಹುಡುಗಿ ಫೋನ್ ಹಿಡಿದುಕೊಂಡೇ ಫೈಲ್ ತೆಗೆದು ನೋಡಿದಳು. ಬೆಕ್ಕು ಬಂದು ಹತ್ತೊಂಬತ್ತು ದಿನ ಆಗಿತ್ತು. ಅವತ್ತು ರಾತ್ರಿಯೇ ಕೂತು ಲೈಫ್‌ಟೈಮ್ ಪಾಲಿಸಿ ಮಾಡಿ ನನಗೆ ಮೆಸೇಜ್ ಹಾಕಿದಳು.

ಮೈಕ್ರೋಚಿಪ್ ಬಗ್ಗೆ ಎರಡೇ ಮಾತು. 2024ರ ಜೂನ್ 10ರಿಂದ ಇಂಗ್ಲೆಂಡ್‌ನಲ್ಲಿ 20 ವಾರ ತುಂಬುವ ಮೊದಲೇ ಬೆಕ್ಕಿಗೆ ಚಿಪ್ ಹಾಕಿಸಲೇಬೇಕು. ಇಲ್ಲದಿದ್ದರೆ 21 ದಿನ ಸಮಯ ಕೊಡುತ್ತಾರೆ, ಆಮೇಲೆ 500 ಪೌಂಡ್‌ವರೆಗೆ ದಂಡ. ಚಾರಿಟಿ ಬೆಕ್ಕಿಗೆ ಚಿಪ್ ಇದ್ದೇ ಇರುತ್ತೆ. ಆದರೆ ಚಿಪ್‌ನಲ್ಲಿ ಇರುವುದು ಒಂದು ನಂಬರ್ ಮಾತ್ರ. ನಿಮ್ಮ ವಿಳಾಸ, ಫೋನ್ ನಂಬರ್ ಇರುವುದು ಬೇರೆ ಕಂಪನಿಯ ದಾಖಲೆಯಲ್ಲಿ. ನಮ್ಮವರು ಕೆಲಸ ಬದಲಾದ ಹಾಗೆ ಮನೆ ಬದಲಿಸುತ್ತಾ ಇರುತ್ತಾರೆ. ಬ್ಯಾಂಕ್, ಜಿಪಿ, ಕೌನ್ಸಿಲ್ ಎಲ್ಲ ಕಡೆ ವಿಳಾಸ ಬದಲಿಸಿ ಇದೊಂದನ್ನು ಮರೆಯುತ್ತಾರೆ. ಹಾಗೆ ಮರೆತ ಮನೆಯೊಂದರ ಬೆಕ್ಕು ಕಳೆದುಹೋಗಿ, ಹಳೆಯ ನಂಬರ್‌ಗೆ ಯಾರೂ ಸಿಗದೆ, ಮೂರು ವಾರ ಅಲ್ಲೇ ಹತ್ತಿರದ ರೆಸ್ಕ್ಯೂನಲ್ಲಿ ಕೂತಿತ್ತು.

ಊಟದ ವಿಷಯಕ್ಕೆ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ನಾವು ಸಸ್ಯಾಹಾರಿಗಳು. ಅಜ್ಜಿ ಮನೆಯಲ್ಲಿ ಬೆಕ್ಕಿಗೆ ಹಾಲನ್ನ ಹಾಕುತ್ತಿದ್ದರು. ಅದು ಬದುಕಿದ್ದು ಹಾಲನ್ನದಿಂದಲ್ಲ, ಅಟ್ಟದ ಮೇಲೆ ಹಿಡಿದ ಇಲಿಯಿಂದ. ಬೆಕ್ಕಿಗೆ ಮಾಂಸ ಬೇಕೇ ಬೇಕು. ಟಾರಿನ್ ಅನ್ನೋ ಅಂಶ ಸಿಗದಿದ್ದರೆ ಕಣ್ಣು ಹೋಗುತ್ತೆ, ಹೃದಯ ಹಾಳಾಗುತ್ತೆ. ದೊಡ್ಡ ಬೆಕ್ಕುಗಳಲ್ಲಿ ಬಹಳಕ್ಕೆ ಹಾಲು ಅರಗುವುದೂ ಇಲ್ಲ. ಮನೆಯಲ್ಲಿ ಮಾಂಸದ ಡಬ್ಬಿ ತೆರೆಯಲು ಆಗಲ್ಲ ಅನ್ನುವವರು ಬೆಕ್ಕು ತರಬೇಡಿ. ಚಾರಿಟಿಯವರು ಕೇಳಿದಾಗಲೂ ಇದನ್ನು ಸರಿಯಾಗಿ ಹೇಳಿ. ನಾವು ಅದಕ್ಕೆ ಬೇರೆ ಚಮಚ, ಬೇರೆ ತಟ್ಟೆ, ಸಿಂಕಿನ ಕೆಳಗೆ ಬೇರೆ ಜಾಗ ಮಾಡಿದ್ದೇವೆ. ನಮ್ಮತ್ತೆ ಬಂದಾಗ ಮೊದಲ ವಾರ ಮೂಗು ಮುಚ್ಚಿಕೊಂಡರು. ಎರಡನೇ ವಾರ ಅವರೇ ಡಬ್ಬಿ ತೆರೆಯುತ್ತಿದ್ದರು.

ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ರಕ್ತ ಕೆಡಿಸುತ್ತೆ. ಪ್ಯಾರಾಸಿಟಮಾಲ್ ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು. ನಾಯಿಗೆ ಹಚ್ಚುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಹಾಗೇ. ಯಾರಾದರೂ ಲಿಲ್ಲಿ ಹೂವಿನ ಬೊಕ್ಕೆ ತಂದರೆ ಮನೆಯೊಳಗೆ ಇಡಬೇಡಿ. ಹೂವಿನ ಪುಡಿ ಮೈಗೆ ತಾಗಿ ಬೆಕ್ಕು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡ ಹೋಗುತ್ತೆ. ದೀಪಾವಳಿಗೆ ಬರುವ ಇಲ್ಲಿನ ಗೆಳೆಯರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ.

ಬಂದ ಹೊಸದರಲ್ಲಿ ಒಂದೇ ಕೋಣೆಯಲ್ಲಿ ಇಡಿ. ಹಿತ್ತಲಿದ್ದರೂ ಮೂರು ನಾಲ್ಕು ವಾರ ಹೊರಗೆ ಬಿಡಬೇಡಿ, ಮನೆ ಯಾವುದು ಅಂತ ಅದಕ್ಕೆ ಗೊತ್ತಾಗಬೇಕು. ಗೌರಿ ಹನ್ನೊಂದು ದಿನ ಬಟ್ಟೆ ಕಪಾಟಿನ ಕೆಳಗಿದ್ದಳು. ರಾತ್ರಿ ಮಾತ್ರ ಊಟದ ತಟ್ಟೆ ಖಾಲಿಯಾಗುತ್ತಿತ್ತು. ಹನ್ನೆರಡನೇ ದಿನ ನಾನು ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಾಗ ಬಂದು ನನ್ನ ಮೊಣಕಾಲಿಗೆ ತಲೆ ಉಜ್ಜಿದಳು.

ಊರಿಗೆ ಹೋಗುವಾಗ ಕ್ಯಾಟರಿಯಲ್ಲಿ, ಅಂದರೆ ದುಡ್ಡು ಕೊಟ್ಟು ಬೆಕ್ಕು ಬಿಟ್ಟು ಹೋಗುವ ಜಾಗದಲ್ಲಿ, ಬಿಡುವುದಾದರೆ ಲಸಿಕೆಯ ಕಾರ್ಡ್ ತಪ್ಪದೆ ಕೇಳುತ್ತಾರೆ. ಬೂಸ್ಟರ್ ಒಂದು ತಿಂಗಳು ತಡವಾಗಿದ್ದರೂ ಸೇರಿಸಿಕೊಳ್ಳದಿರಬಹುದು. ಟಿಕೆಟ್ ಬುಕ್ ಮಾಡಿದ ದಿನವೇ ಕ್ಯಾಟರಿಯನ್ನೂ ಬುಕ್ ಮಾಡಿ. ಬೇಸಿಗೆ ರಜೆಗೂ ಕ್ರಿಸ್ಮಸ್‌ಗೂ ಜಾಗವೇ ಸಿಗುವುದಿಲ್ಲ.

ಯಾವ ಪದ್ಧತಿ ಒಳ್ಳೆಯದು ಅಂತ ಆಗಾಗ ಯೋಚಿಸುತ್ತೇನೆ. ನಮ್ಮ ಕಡೆ ಪಕ್ಕದ ಮನೆಯಿಂದ ಮರಿ ಎತ್ತಿಕೊಂಡು ಬರುತ್ತೇವೆ, ಒಂದು ಪ್ರಶ್ನೆಯೂ ಇಲ್ಲ. ಸರ್ಕಾರಿ ಪಶು ಆಸ್ಪತ್ರೆಗೆ ಹೋದರೆ ಖರ್ಚೂ ಅಷ್ಟಿಲ್ಲ. ಇಲ್ಲಿನ ವೆಟ್ ಬಿಲ್ ನೋಡಿದಾಗ ನಮ್ಮದೇ ಎಷ್ಟೋ ವಾಸಿ ಅನಿಸುತ್ತೆ. ಆದರೆ ಒಂದು ವಿಷಯದಲ್ಲಿ ಇವರಿಂದ ಕಲಿಯಬೇಕು. ನೀವು ಸಹಿ ಹಾಕುವ ಒಪ್ಪಂದದಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ. ಮುಂದೆ ಯಾವತ್ತಾದರೂ ಸಾಕಲು ಆಗದಿದ್ದರೆ ಬೆಕ್ಕನ್ನು ಅವರಿಗೇ ವಾಪಸ್ ಕೊಡಬೇಕು, ಬೇರೆಯವರಿಗೆ ಕೊಡಬಾರದು. ವೀಸಾ ಮುಗಿದು, ಕೆಲಸ ಹೋಗಿ, ಇದ್ದಕ್ಕಿದ್ದ ಹಾಗೆ ಊರಿಗೆ ಹೊರಡಬೇಕಾಗಿ ಬಂದವರು ನಮ್ಮಲ್ಲಿ ಇದ್ದಾರೆ. ಅಂಥ ಹೊತ್ತಲ್ಲಿ ನಾಚಿಕೆಪಟ್ಟುಕೊಂಡು ಬೆಕ್ಕನ್ನು ಯಾರದೋ ಕೈಗೆ ದಾಟಿಸಬೇಡಿ. ಚಾರಿಟಿಗೆ ಫೋನ್ ಮಾಡಿ, ಇದ್ದ ವಿಷಯ ಹೇಳಿ. ಜಾಗ ಖಾಲಿಯಾಗಲು ಕೆಲವು ವಾರ ಬೇಕಾಗಬಹುದು, ಹಾಗಾಗಿ ಟಿಕೆಟ್ ತೆಗೆಯುವ ಮೊದಲೇ ಮಾಡಿ. ಅದರ ಲಸಿಕೆ ಕಾರ್ಡ್, ಔಷಧಿಯ ಚೀಟಿ, ಅದು ಮಲಗುವ ಹಳೆಯ ಕಂಬಳಿ ಎಲ್ಲವನ್ನೂ ಬುಟ್ಟಿಯ ಜೊತೆಗೇ ಕೊಡಿ.